ಒಂದೇ ಅಳತೆಯ ಬೀನ್ಸ್

ನಮ್ಮ ದೊಡ್ಡಮ್ಮನಿಗೆ ಮೊದಲು ಅನುಮಾನ ಹುಟ್ಟಿದ್ದು ಬೀನ್ಸ್ ನೋಡಿ.

ದೊಡ್ಡಪ್ಪ ತೋಟದಿಂದ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಸುರುವಿದ ಬೀನ್ಸ್ ಅದು. ಎಳಸು, ಹಚ್ಚಹಸಿರು, ಒಂದರ ಮೇಲೂ ಕಲೆಯಿಲ್ಲ. ಬೇರೆಯವರಾಗಿದ್ದರೆ ಖುಷಿಯಿಂದ ನಾರು ಬಿಡಿಸಲು ಕೂರುತ್ತಿದ್ದರು. ದೊಡ್ಡಮ್ಮ ಹತ್ತು ಬೀನ್ಸ್ ಆರಿಸಿ ಪಕ್ಕಪಕ್ಕದಲ್ಲಿ ಸಾಲಾಗಿ ಇಟ್ಟಳು. ಹತ್ತೂ ಒಂದೇ ಉದ್ದ.

"ಗಿಡಕ್ಕೆ ಸ್ಕೇಲು ಕೊಟ್ಟಿದ್ದೀರೇನ್ರೀ?" ಎಂದು ಕೇಳಿದಳು.

"ಒಳ್ಳೇ ಗೊಬ್ಬರ ಹಾಕಿದ್ರೆ ಹಾಗೇ ಬರೋದು," ಎಂದು ದೊಡ್ಡಪ್ಪ ಕೈ ತೊಳೆಯಲು ಬಚ್ಚಲಿಗೆ ಹೋದ. ಒಳಗಿನಿಂದ ಯಾವುದೋ ಹಾಡು ಗುನುಗುವ ಸದ್ದು ಬಂತು. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಈ ಮನುಷ್ಯ ಗುನುಗಿದ್ದನ್ನು ದೊಡ್ಡಮ್ಮ ಒಂದು ಸಲವೂ ಕೇಳಿರಲಿಲ್ಲ.

ದೊಡ್ಡಮ್ಮನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಇಪ್ಪತ್ತೊಂಬತ್ತು ವರ್ಷ ಆಕೆ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತವಳು. ಹೊಲಿದು ಮುಗಿದ ಶರ್ಟುಗಳು ಅವಳ ಕೈಗೆ ಬರುತ್ತಿದ್ದವು. ಕಾಲರು, ಕಾಜ, ಕಂಕುಳ ಹೊಲಿಗೆ, ಒಳಮಗ್ಗುಲು ಎಲ್ಲವನ್ನೂ ತಿರುಗಿಸಿ ನೋಡಿ, ತಪ್ಪಿದ್ದಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸುವುದು ಅವಳ ಕೆಲಸ. ಒಂದು ಶರ್ಟಿಗೆ ಒಂದೇ ನಿಮಿಷ. ಟೈಲರುಗಳು ಅವಳಿಗೆ ಬಾಣದಕ್ಕ ಎಂದು ಹೆಸರಿಟ್ಟಿದ್ದರು. ದೊಡ್ಡಮ್ಮ ನಿವೃತ್ತಳಾದಳು, ಅವಳ ಕಣ್ಣು ಆಗಲಿಲ್ಲ. ಬಸ್ಸಿನಲ್ಲಿ ಪಕ್ಕದವರು ನಕ್ಕರೆ ಕೈಚೀಲ ಹತ್ತಿರಕ್ಕೆ ಎಳೆದುಕೊಳ್ಳುವಳು. ಅಂಗಡಿಯವನು ತಾನಾಗಿ ಒಂದು ನಿಂಬೆಹಣ್ಣು ಹೆಚ್ಚಿಗೆ ಹಾಕಿದರೆ ಉಳಿದವುಗಳಲ್ಲಿ ಕೊಳೆತದ್ದು ಯಾವುದೆಂದು ಹುಡುಕುವಳು. ನಾನು ಅವಳ ತಂಗಿಯ ಮಗಳು, ಎದುರು ಬೀದಿಯಲ್ಲೇ ಇರುವವಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನನಗೆ ಬೆಳಗಿನ ಹೊತ್ತು ಮಾತ್ರ ಕೆಲಸ. ಹಾಗಾಗಿ ಮಧ್ಯಾಹ್ನದ ಅನುಮಾನಗಳಿಗೆಲ್ಲ ನಾನೇ ಖಾಯಂ ಗಿರಾಕಿ.

ದೊಡ್ಡಪ್ಪ ಲಿಫ್ಟ್ ಮೆಕ್ಯಾನಿಕ್ ಆಗಿದ್ದ. ಮೂವತ್ನಾಲ್ಕು ವರ್ಷ ಕಟ್ಟಡಗಳ ಹೊಟ್ಟೆಯೊಳಗೆ, ಗ್ರೀಸು ಮೆತ್ತಿದ ಉಕ್ಕಿನ ಹಗ್ಗಗಳ ನಡುವೆ, ಟಾರ್ಚಿನ ಬೆಳಕಿನಲ್ಲಿ ಕಳೆದವನು. ಕೆಲಸ ಮುಗಿದ ದಿನ ಮನೆಗೆ ಬಂದು ಚಪ್ಪಲಿ ಬಿಡುತ್ತ ಅವನು ಆಡಿದ್ದು ಒಂದೇ ಮಾತು: "ಇನ್ನು ಬಿಸಿಲಲ್ಲಿ ಕೂರ್ತೀನಿ." ನಮ್ಮಲ್ಲಿ ಹಳೆಯ ನೀರಿನ ಟ್ಯಾಂಕಿನ ಹಿಂದೆ ಬಿದ್ದಿದ್ದ ಖಾಲಿ ಜಾಗವನ್ನು ನಗರಸಭೆಯವರು ಸಣ್ಣ ಸಣ್ಣ ತಾಕುಗಳಾಗಿ ಹಂಚಿ, ತರಕಾರಿ ಬೆಳೆಯುವವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಅರ್ಜಿ ಹಾಕಿ ಎರಡು ವರ್ಷ ಕಾದು ದೊಡ್ಡಪ್ಪ ಹದಿನೇಳನೇ ತಾಕು ಪಡೆದ. ಅವರ ಮನೆಯ ನಡುಕೋಣೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ದೊಡ್ಡಮ್ಮ ಒಮ್ಮೆ ಹೋಗಿ ನೋಡಿದಾಗ ಅಲ್ಲಿ ಕಲ್ಲು, ಕಳೆ, ಒಡೆದ ಬಕೆಟ್ಟು ಬಿಟ್ಟರೆ ಏನೂ ಇರಲಿಲ್ಲ. ಮಂಡಿನೋವೆಂದು ಮತ್ತೆ ಅತ್ತ ಹೋಗಿರಲಿಲ್ಲ. ದೊಡ್ಡಪ್ಪ ಮಾತ್ರ ದಿನವೂ ಊಟ ಮುಗಿಸಿ ಹೊರಟರೆ ಹೊತ್ತು ಇಳಿದ ಮೇಲೇ ಮರಳುತ್ತಿದ್ದ.

ಬೀನ್ಸ್ ಬಂದ ಮರುವಾರ ಕ್ಯಾರೆಟ್ ಬಂತು. ಆ ದಿನ ದೊಡ್ಡಮ್ಮ ನನಗೆ ಫೋನು ಮಾಡಿದಳು.

"ಪುಟ್ಟಿ, ಕೂಡ್ಲೇ ಬಾ." ನನಗೆ ಮೂವತ್ತು ದಾಟಿದೆ, ಅವಳಿಗೆ ನಾನು ಇನ್ನೂ ಪುಟ್ಟಿ.

ಹೋಗಿ ನೋಡಿದರೆ ಮೇಜಿನ ಮೇಲೆ ಸಾಕ್ಷ್ಯಗಳೆಲ್ಲ ಹರಡಿದ್ದವು. ದೊಡ್ಡಮ್ಮ ಮೊದಲು ಖಾಲಿ ಬೀಜದ ಪ್ಯಾಕೆಟ್ ಕೈಗಿತ್ತಳು.

"ಓದು."

"ತೊಂಬತ್ತು ದಿನದಲ್ಲಿ ಕೊಯ್ಲಿಗೆ ಸಿದ್ಧ," ಎಂದು ಓದಿದೆ.

"ಇವರು ಬಿತ್ತಿ ಇನ್ನೂ ನಲವತ್ತು ದಿನ. ಇಲ್ನೋಡು, ಗೇಣುದ್ದ ಕ್ಯಾರೆಟ್." ಆಮೇಲೆ ಕ್ಯಾರೆಟ್ ಜೊತೆ ಬಂದಿದ್ದ ಸೊಪ್ಪಿನ ಕಟ್ಟಿಗೆ ಸುತ್ತಿದ್ದ ನೀಲಿ ದಾರ ಎತ್ತಿ ತೋರಿಸಿದಳು. "ಈ ಗಂಟು ನೋಡು. ಒಂದೆಳೆತಕ್ಕೆ ಬಿಚ್ಕೊಳ್ಳುತ್ತೆ. ದಿನಕ್ಕೆ ನೂರು ಕಟ್ಟು ಕಟ್ಟೋರ ಕೈ ಇದು. ನಿಮ್ಮ ದೊಡ್ಡಪ್ಪ ಕಟ್ಟಿದ ಗಂಟಿಗೆ ಕತ್ತರಿನೇ ಬೇಕು."

ಒಗೆಯಲು ಹಾಕಿದ ಶರ್ಟಿನ ಜೇಬಿನಲ್ಲಿ ಒಂದು ಕಾಗದದ ಪೊಟ್ಟಣ ಸಿಕ್ಕಿತ್ತು. ಬಿಚ್ಚಿದರೆ ಉಪ್ಪು. ಅಡುಗೆಮನೆಯಿಂದ ಹಣ್ಣು ಹೆಚ್ಚುವ ಚಾಕು ಕಾಣೆಯಾಗಿತ್ತು. ಅದರ ಜೊತೆಗೆ ಎರಡು ಸಣ್ಣ ಸ್ಟೀಲ್ ತಟ್ಟೆ.

"ಒಂದು ತಟ್ಟೆ ಹೋಗಿದ್ರೆ ಸುಮ್ನಿರ್ತಿದ್ದೆ," ಎಂದಳು ದೊಡ್ಡಮ್ಮ, ಧ್ವನಿ ತಗ್ಗಿಸಿ. "ಎರಡು ಕಣೇ. ಎರಡನೇದು ಯಾರಿಗೆ?"

"ದೊಡ್ಡಮ್ಮಾ, ದೊಡ್ಡಪ್ಪನಿಗೆ ಅರವತ್ಮೂರು."

"ಅರವತ್ಮೂರಕ್ಕೆ ಗುನುಗ್ತಾರಾ?"

"ನೇರವಾಗಿ ಕೇಳಿಬಿಡು" ಎಂದೆ.

"ಕೇಳಿದ್ರೆ ಯಾವ ಶರ್ಟಾದ್ರೂ ತಪ್ಪು ಒಪ್ಪಿಕೊಳ್ಳುತ್ತಾ? ತಿರುಗಿಸಿ ನೋಡ್ಬೇಕು."

ಆದರೂ ಮೊದಲು ಒಂದು ಪರೀಕ್ಷೆ ಮಾಡಿದಳು. ಸಂಜೆ ಟೀ ಕೊಡುತ್ತ, ಏನೂ ಗೊತ್ತಿಲ್ಲದವಳಂತೆ, ಟೊಮೇಟೊ ಹೂವಿನ ಬಣ್ಣ ಯಾವುದು ಎಂದು ಕೇಳಿದಳು. ದೊಡ್ಡಪ್ಪ ತಡವರಿಸಲಿಲ್ಲ. "ಹಳದಿ. ತಲೆ ಬಗ್ಗಿಸ್ಕೊಂಡು ನೆಲ ನೋಡ್ತಿರುತ್ತೆ. ಬಿಸಿಲಿದ್ದಾಗ ಗಿಡನ ಮೆಲ್ಲಗೆ ಅಲ್ಲಾಡಿಸಿದ್ರೆ ಕಾಯಿ ಚೆನ್ನಾಗಿ ಕಚ್ಚುತ್ತೆ" ಎನ್ನುತ್ತ ಟೀ ಆರಿಹೋಗುವವರೆಗೂ ಹೇಳಿದ. ಎಲೆ ಮುಟ್ಟಿದರೆ ಬೆರಳಿಗೆ ಅಂಟುವ ವಾಸನೆಯ ಬಗ್ಗೆ ಹೇಳುವಾಗ ತನ್ನ ಬೆರಳನ್ನೇ ಮೂಗಿಗೆ ಹಿಡಿದ.

ಇದರಿಂದ ಅನುಮಾನ ಇಳಿಯಲಿಲ್ಲ, ಏರಿತು. ಮರುದಿನ ದೊಡ್ಡಮ್ಮ ನನ್ನ ಮನೆಯ ಬಾಗಿಲಲ್ಲೇ ನಿಂತು ಹೇಳಿದಳು: "ಗಿಡ ಇರೋದು ನಿಜ. ಕಾಯಿ ಬಿಡೋದೂ ನಿಜ. ಮನೆಗೆ ಬರೋದು ಅಂಗಡೀದು. ಹಾಗಾದ್ರೆ ತೋಟದ್ದು ಯಾರ ಮನೆಗೆ ಹೋಗ್ತಿದೆ? ಚಪ್ಪಲಿ ಹಾಕ್ಕೋ, ನಡಿ."

ಮೂರು ಗಂಟೆಯ ಬಿಸಿಲು. ಮಂಡಿನೋವಿನ ದೊಡ್ಡಮ್ಮ ಆ ದಿನ ನನಗಿಂತ ಎರಡು ಹೆಜ್ಜೆ ಮುಂದೆಯೇ ಇದ್ದಳು. ಟ್ಯಾಂಕಿಗೆ ಇನ್ನೆರಡು ಬೀದಿ ಇರುವಾಗ ಥಟ್ಟನೆ ನಿಂತು ನನ್ನ ತೋಳು ಹಿಡಿದಳು. ಟಾರ್ಪಾಲಿನ ಕೆಳಗೆ ಒಂದು ತರಕಾರಿ ಅಂಗಡಿ, ಅದರ ಮುಂದೆ ದೊಡ್ಡಪ್ಪ. ಒಂದೊಂದೇ ಬೀನ್ಸ್ ಎತ್ತಿ ಬೆಳಕಿಗೆ ಹಿಡಿದು, ಎರಡೂ ಮಗ್ಗುಲು ತಿರುಗಿಸಿ ನೋಡಿ, ಚೀಲಕ್ಕೆ ಹಾಕುತ್ತಿದ್ದ. ಹತ್ತರಲ್ಲಿ ಏಳನ್ನು ಪಕ್ಕಕ್ಕಿಡುತ್ತಿದ್ದ.

"ಏನಣ್ಣಾ, ಚಿನ್ನ ನೋಡ್ದಂಗೆ ನೋಡ್ತೀರಲ್ಲಾ!" ಎಂದಳು ಅಂಗಡಿಯಾಕೆ.

"ನಮ್ಮನೇಲಿ ನೋಡೋರು ಇದಕ್ಕಿಂತ ಜೋರು," ಎಂದ ದೊಡ್ಡಪ್ಪ.

ನನಗೆ ನಗು ಬಂತು. ದೊಡ್ಡಮ್ಮನ ಮುಖ ನೋಡಿ ನುಂಗಿಕೊಂಡೆ.

ದೊಡ್ಡಪ್ಪ ಚೀಲ ಹಿಡಿದು ಟ್ಯಾಂಕಿನ ಹಿಂದೆ ಮರೆಯಾದ. ನಾವು ಸ್ವಲ್ಪ ತಡೆದು ಹೋಗಿ ಟ್ಯಾಂಕಿನ ದಪ್ಪ ಕಂಬದ ಹಿಂದೆ ನಿಂತೆವು. ಹಳೆಯ ಕಿಟಕಿ ಚೌಕಟ್ಟು, ಮುರಿದ ಮಂಚದ ಕಾಲು, ತುಕ್ಕು ತಂತಿ, ಹೀಗೆ ಯಾರಿಗೆ ಏನು ಸಿಕ್ಕಿತೋ ಅದರಲ್ಲಿ ಬೇಲಿ ಕಟ್ಟಿಕೊಂಡ ತಾಕುಗಳು. ಹದಿನೇಳನೆಯದರಲ್ಲಿ ಹಸಿರು ಕಿಕ್ಕಿರಿದಿತ್ತು. ಅವರೆ ಬಳ್ಳಿ ಚಪ್ಪರ ಬಿಟ್ಟು ಪಕ್ಕದವರ ಬೇಲಿಗೂ ಕೈಹಾಕಿತ್ತು. ಸೌತೆ ಬಳ್ಳಿಯ ಅಡಿಯಲ್ಲಿ ಕೊಕ್ಕೆಯಂತೆ ಬಾಗಿದ ಕಾಯಿಗಳು. ಟೊಮೇಟೊ ಕೆಂಪಾಗಿತ್ತು, ಆದರೆ ಬಿರುಕು ಬಿಟ್ಟಿತ್ತು. ದೊಡ್ಡಪ್ಪ ಅಂಗಡಿಯ ಚೀಲವನ್ನು ಬೇಲಿಗೂಟಕ್ಕೆ ನೇತುಹಾಕಿ, ಗಿಡಗಳಿಗೆ ನೀರು ಹನಿಸುತ್ತ, ಪ್ರತಿ ಗಿಡದ ಮುಂದೆಯೂ ಏನೋ ಮಾತಾಡುತ್ತಿದ್ದ.

ಆಗ ಪಕ್ಕದ ತಾಕಿನಿಂದ ಒಬ್ಬರು ಬೇಲಿ ದಾಟಿ ಬಂದರು. ದೊಡ್ಡಮ್ಮ ಉಸಿರು ಹಿಡಿದಳು. ನಮ್ಮ ಬಸ್‌ಸ್ಟಾಪಿನ ಬಳಿ ಬೀಗ ರಿಪೇರಿ ಮಾಡುವ ಮೀಸೆಯ ಮನುಷ್ಯ! ಸೊಂಟದಲ್ಲಿ ಕೀಲಿಗೊಂಚಲು ಜಣಜಣ ಎನ್ನುತ್ತಿತ್ತು. ದೊಡ್ಡಪ್ಪ ಬೋರಲು ಹಾಕಿದ್ದ ಬಕೆಟ್ ಎತ್ತಿ, ಅದರಡಿಯಿಂದ ಎರಡು ತಟ್ಟೆ, ಒಂದು ಚಾಕು ತೆಗೆದ. ಒಂದು ಸೊಟ್ಟ ಸೌತೆಕಾಯಿ, ಎರಡು ಬಿರುಕು ಟೊಮೇಟೊ, ಕವಲೊಡೆದು ಕಾಲು ಮೂಡಿದಂತಿದ್ದ ಕಿರುಬೆರಳಷ್ಟು ಉದ್ದದ ಒಂದು ಎಳೆ ಕ್ಯಾರೆಟ್ ನಲ್ಲಿಯಡಿ ತೊಳೆದು ಹೆಚ್ಚಿದ. ಇಬ್ಬರೂ ಉಪ್ಪು ಉದುರಿಸಿಕೊಂಡು, ಕಣ್ಣು ಮುಚ್ಚಿ ತಿನ್ನತೊಡಗಿದರು.

"ಅಣ್ಣಾ, ಇನ್ನೂ ಎಷ್ಟು ದಿನ ಮುಚ್ಚಿಡ್ತೀರಿ?" ಎಂದರು ಬೀಗದವರು. "ಮನೇಲಿ ಒಂದಿನ ಗೊತ್ತಾಗೇ ಆಗುತ್ತೆ."

"ಗೊತ್ತಾದ ದಿನ ನೋಡ್ಕೊಳ್ಳೋಣ. ನೀವು ತಿನ್ನಿ."

"ಗೊತ್ತಾಯ್ತು," ಎಂದು ದೊಡ್ಡಮ್ಮ ಕಂಬದ ಹಿಂದಿನಿಂದ ಹೊರಬಂದಳು.

ದೊಡ್ಡಪ್ಪನ ಬಾಯಲ್ಲಿದ್ದ ಸೌತೆಕಾಯಿ ಅಲ್ಲೇ ನಿಂತಿತು. ಬೀಗದವರು ಎದ್ದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಕೂತರು.

"ಏನ್ರೀ ಇದು? ಅಂಗಡಿಯಿಂದ ತಂದು ನಾನೇ ಬೆಳೆದೆ ಅಂತ ನನ್ನ ಮುಂದೆ ಸುರೀತೀರಾ? ಬೆಳೆದಿದ್ದನ್ನ ಇಲ್ಲಿ ಕದ್ದು ತಿಂತೀರಾ? ನಾನೇನು ನಿಮ್ಮ ಕೈಯಿಂದ ಕಿತ್ಕೊಳ್ತಿದ್ನಾ?"

ದೊಡ್ಡಪ್ಪ ಬಾಯಲ್ಲಿದ್ದದ್ದನ್ನು ನುಂಗಿ, ತಟ್ಟೆ ಕೆಳಗಿಟ್ಟ. "ಮೊದಲನೇ ಸಲ ಮೂರು ಬದನೇಕಾಯಿ ತಂದಿದ್ದೆ," ಎಂದ. "ನೆನಪಿದ್ಯಾ?"

"ಯಾವ ಬದನೇಕಾಯಿ?"

"ಹೋದ ವರ್ಷ. ಟವೆಲಲ್ಲಿ ಸುತ್ಕೊಂಡು ತಂದಿದ್ದೆ. ನೀನು ತಿರುಗಿಸಿ ನೋಡ್ದೆ, 'ತೂತಿದೆ, ಇದು ಪಾಸಾಗಲ್ಲ' ಅಂದೆ. ಕಸದ ಬುಟ್ಟಿಗೆ ಹಾಕ್ದೆ. ಮೂರಕ್ಕೂ ಸೇರಿ ಮೂರು ಸೆಕೆಂಡ್ ಆಗ್ಲಿಲ್ಲ."

ದೊಡ್ಡಮ್ಮ ಬಹಳ ಹೊತ್ತು ಯೋಚಿಸಿದಳು. ಅವಳು ಸುಳ್ಳು ಹೇಳುವವಳಲ್ಲ. "ನನಗೆ ನೆನಪೇ ಇಲ್ಲ," ಎಂದಳು.

"ನಿನಗಿಲ್ಲ," ಎಂದ ದೊಡ್ಡಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ನನಗೆ ಆ ಮೂರೂ ಹೂವಾಗಿದ್ದಾಗಿಂದ ಗೊತ್ತು. ಅದಕ್ಕೇ ನಿನಗೆ ಒಪ್ಪಿಗೆ ಆಗೋ ಅಂಥದ್ದು ತರೋಣ ಅಂತ..."

ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಅವರೆ ಬಳ್ಳಿಯನ್ನೇ ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ದೊಡ್ಡಮ್ಮ ಕ್ಷಮೆ ಕೇಳಲಿಲ್ಲ. ಬೋರಲು ಬಕೆಟ್ಟಿನ ಮೇಲೆ ಮೆಲ್ಲಗೆ ಕೂತು, ತಟ್ಟೆಯಿಂದ ಒಂದು ಸೌತೆ ಹೋಳು ಎತ್ತಿಕೊಂಡಳು. ಕೈ ತನ್ನಷ್ಟಕ್ಕೆ ಅದನ್ನು ತಿರುಗಿಸಿತು. ಬೀಗದವರೂ ದೊಡ್ಡಪ್ಪನೂ ಆ ಕೈಯನ್ನೇ ನೋಡುತ್ತಿದ್ದರು. ಅವಳಿಗೂ ಅದು ಗೊತ್ತಾಯಿತೇನೋ, ತಿರುಗಿಸುವುದನ್ನು ಅರ್ಧಕ್ಕೆ ನಿಲ್ಲಿಸಿ ಬಾಯಿಗೆ ಹಾಕಿಕೊಂಡಳು. ಅಗಿದಳು.

"ಸರಿಯಾಗಿ ತೊಳೆದಿಲ್ಲ," ಎಂದಳು. ಆಮೇಲೆ ಇನ್ನೊಂದು ಹೋಳು ತೆಗೆದುಕೊಂಡಳು. ಅದಾದ ಮೇಲೆ ಇನ್ನೊಂದು.

"ಅತ್ತಿಗೆ, ನನ್ನ ತಟ್ಟೇನೂ ತಗೊಳ್ಳಿ," ಎಂದರು ಬೀಗದವರು.

"ಅದು ನನ್ನದೇ ತಟ್ಟೆ," ಎಂದಳು ದೊಡ್ಡಮ್ಮ.

ಮರುವಾರದಿಂದ ಆಕೆಯೂ ಹೋಗತೊಡಗಿದಳು. ತೋಟಕ್ಕೆ ಅವಳ ಕಣ್ಣು ಒಳ್ಳೆಯದೇ ಆಯಿತು. ಎಲೆಯ ಹಿಂದೆ ಸಾಸಿವೆಗಿಂತ ಸಣ್ಣಗಿರುವ ಹುಳದ ಮೊಟ್ಟೆ ನಮಗ್ಯಾರಿಗೂ ಕಾಣುತ್ತಿರಲಿಲ್ಲ. ಅವಳು ದೂರದಿಂದಲೇ ಕಂಡುಹಿಡಿದು, ಮನೆಯಲ್ಲಿ ಉಳಿದಿದ್ದ ಕೆಂಪು ಬಾಣದ ಸ್ಟಿಕ್ಕರ್ ಎಲೆಗೇ ಅಂಟಿಸುವಳು. ದೊಡ್ಡಪ್ಪ ಹಿಂದಿನಿಂದ ಬಂದು ಮೊಟ್ಟೆ ಒರೆಸಿ ತೆಗೆಯುವನು. ಸುತ್ತಲಿನ ತಾಕಿನವರೂ "ಒಂಚೂರು ನಮ್ಮದೂ ನೋಡಿ" ಎಂದು ಕರೆಯತೊಡಗಿದರು. ಅನುಮಾನವೇನೂ ಕಡಿಮೆಯಾಗಲಿಲ್ಲ. ಬೀಜದ ಪ್ಯಾಕೆಟ್ಟಿನ ಮೇಲಿನ ಚಿತ್ರವನ್ನು ಅವಳು ಇವತ್ತಿಗೂ ನಂಬುವುದಿಲ್ಲ. ಬೀಗದವರ ಕುಂಬಳ ತಮ್ಮದಕ್ಕಿಂತ ಬೇಗ ದಪ್ಪವಾದದ್ದು ಹೇಗೆಂದು ಎರಡು ವಾರ ನಿಗಾ ಇಟ್ಟಿದ್ದಳು. ಆದರೆ ಮನೆಗೆ ಈಗ ಬರುವುದೆಲ್ಲ ಸೊಟ್ಟ, ಗಂಟು, ಬಿರುಕು. ಅದನ್ನೇ ಹೆಚ್ಚಿ, ಬೇಯಿಸಿ ಇಬ್ಬರೂ ಉಣ್ಣುತ್ತಾರೆ.

ಒಂದು ದಿನ ನಾನೂ ಹೋಗಿದ್ದೆ. ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತ ದೊಡ್ಡಮ್ಮ ಸುತ್ತ ನೋಡಿ ಹೇಳಿದಳು: "ಸಾಯಂಕಾಲ ನಾಲ್ಕು ಗಂಟೆ ಹೇಗಿರುತ್ತೆ ಅಂತ ನಾನು ನೋಡೇ ಇರ್ಲಿಲ್ಲ ಕಣೇ. ಫ್ಯಾಕ್ಟರಿಗೆ ಕಿಟಕಿನೇ ಇರ್ಲಿಲ್ಲ." ಬಿಸಿಲು ಅವಳ ಮಂಡಿಯ ಮೇಲೆ ಬಿದ್ದಿತ್ತು. ಆಕೆ ಕಾಲನ್ನು ಇನ್ನಷ್ಟು ಬಿಸಿಲಿಗೆ ಚಾಚಿದಳು.

ಇದೆಲ್ಲ ಆಗಿ ಕೆಲವು ತಿಂಗಳಾದ ಮೇಲೆ ದೊಡ್ಡಪ್ಪ ಒಂದು ಮಾತು ಹೇಳಿದ: ವಾರಕ್ಕೊಂದು ದಿನ, ಮಂಗಳವಾರ, ನಾನೊಬ್ಬನೇ ಹೋಗುತ್ತೇನೆ. ಬೀಗದವರಿಗೂ ಆ ದಿನ ಬೇಲಿ ದಾಟಬಾರದೆಂದು ಹೇಳಿದ್ದನಂತೆ. ದೊಡ್ಡಮ್ಮ "ಆಯ್ತು" ಎಂದಳು. ಮೊದಲ ಮಂಗಳವಾರ ತಡೆದುಕೊಂಡಳು. ಎರಡನೇ ಮಂಗಳವಾರ ಮಧ್ಯಾಹ್ನ ನನ್ನ ಮನೆಗೆ ಬಂದು ಕೂತಳು.

"ಒಬ್ಬರೇ ಏನು ಮಾಡ್ತಾರೆ ಅಲ್ಲಿ?"

"ಏನೂ ಮಾಡಲ್ಲ ಅನ್ಸುತ್ತೆ," ಎಂದೆ.

"ನನಗೂ ಅದೇ ಅನುಮಾನ," ಎಂದವಳೇ ಎದ್ದು ಹೋದಳು.

ಮುಕ್ಕಾಲು ಗಂಟೆಯಲ್ಲಿ ವಾಪಸ್ ಬಂದಳು. ನಾನು ನೀರು ಕೊಟ್ಟೆ. ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು.

"ಏನು ಮಾಡ್ತಿದ್ರು?"

"ಅವರೆ ಚಪ್ಪರದ ಕೆಳಗೆ ಮಲಗಿದ್ರು. ಎದೆ ಮೇಲೆ ಒಂದು ಟೊಮೇಟೊ ಇಟ್ಕೊಂಡು, ಉಸಿರಾಡಿದ ಹಾಗೆಲ್ಲ ಅದು ಮೇಲೆ ಕೆಳಗೆ ಆಗೋದನ್ನ ನೋಡ್ತಿದ್ರು."

"ಮಾತಾಡಿಸ್ದ್ಯಾ?"

"ಇಲ್ಲ. ಬೇಲಿ ಹತ್ರಾನೇ ನಿಂತಿದ್ದು ಬಂದ್ಬಿಟ್ಟೆ." ಮುಖದಲ್ಲಿ ನಗು ಬರುವ ಹಾಗಿತ್ತು, ಬರಲಿಲ್ಲ. ಆಮೇಲೆ ನನ್ನತ್ತ ಬಾಗಿ ಮೆಲ್ಲಗೆ ಕೇಳಿದಳು:

"ಆದ್ರೂ ಪುಟ್ಟಿ, ಟೊಮೇಟೊ ಯಾಕೆ ಅಂತ?"