ಪ್ರತಿ ಪುಟದ ಅಡಿಯಲ್ಲಿ ನನ್ನ ನಂಬರು

ಜನರೊಂದಿಗೆ ಮಾತಾಡುವುದನ್ನು ಕಡಿಮೆ ಮಾಡಿಕೊಳ್ಳಲು ನಾನೊಂದು ಪ್ರೋಗ್ರಾಂ ಬರೆದೆ. ಸಾಹುಕಾರರಿಗೆ ಮಾತ್ರ, ಇದರಿಂದ ಸಮಯ ಉಳಿಯುತ್ತದೆ ಎಂದು ಹೇಳಿದ್ದೆ.

ಅವರದು ಶಹಾಪುರದಲ್ಲಿ ತೊಗರಿಬೇಳೆ ಮಾಡುವ ಸಣ್ಣ ಯಂತ್ರಗಳ ಕಾರ್ಖಾನೆ. ನಾನು ಯಾದಗಿರಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಅದರ ಹಿಂದಿನ ಕೋಣೆಯಲ್ಲಿ ಕೂರುವವಳು. ಕೊಳ್ಳುವವರ ಜಾಗ, ಮೋಟರು ನೋಡಿ ಯಂತ್ರ ಮಾಡುವುದರಿಂದ ಒಂದಿದ್ದಂತೆ ಇನ್ನೊಂದಿರುವುದಿಲ್ಲ. ಪ್ರತಿಯೊಂದಕ್ಕೂ ಬೇರೆ ಕೈಪಿಡಿ ಬೇಕು, ಅದನ್ನು ಬರೆಯುವುದು ನನ್ನ ಕೆಲಸ. ಬೆಲ್ಟು, ಬೇರಿಂಗು, ಗ್ರೀಸಿನ ವಿವರವೆಲ್ಲ ಡೇಟಾಬೇಸಿನಲ್ಲಿದ್ದರೂ ಕೈಯಿಂದಲೇ ನಕಲು ಮಾಡಬೇಕಿತ್ತು. ಅನುಮಾನ ಬಂದಾಗಲೆಲ್ಲ ಎದ್ದುಹೋಗಿ ಫಿಟ್ಟರುಗಳನ್ನು ಕೇಳಬೇಕಿತ್ತು. ಬೇರಿಂಗಿನ ಅಳತೆ ಕೇಳಿದರೆ ಅವರು ಮೊದಲು ನನ್ನ ಊಟದ ವಿಚಾರ ಕೇಳುತ್ತಿದ್ದರು.

ಹಾಗಾಗಿ ಒಂದು ಸಲ ಎಲ್ಲ ದಾಖಲೆಗಳನ್ನೂ ಕೂತು ತಿದ್ದಿದೆ. ಆಮೇಲೆ ಯಂತ್ರದ ನಂಬರು ಕೊಟ್ಟರೆ ಸಾಕು, ಮುಖಪುಟ, ಪರಿವಿಡಿ, ಕೋಷ್ಟಕ ಎಲ್ಲ ಸೇರಿ ಕೈಪಿಡಿ ತಾನೇ ಹೊರಬರತೊಡಗಿತು. ಪ್ರತಿ ಪುಟದ ಅಡಿಯಲ್ಲಿ ವಿಚಾರಣೆಗೊಂದು ಫೋನ್ ನಂಬರು. ಆ ಯಂತ್ರದ ದಾಖಲೆಯನ್ನು ಕೊನೆಯದಾಗಿ ತಿದ್ದಿದವರ ನಂಬರನ್ನು ಪ್ರೋಗ್ರಾಮೇ ಹುಡುಕಿ ಹಾಕಬೇಕು. ಅದೂ ನನ್ನದೇ ಬುದ್ಧಿ. ತಿದ್ದಿದವಳು ನಾನೊಬ್ಬಳೇ ಎಂಬುದು ಹೊಳೆಯಲಿಲ್ಲ. ಆ ಸಾಲು ಕಾಗದದ ಅಂಚಿನಿಂದ ಎಷ್ಟು ದೂರವಿದೆ ಎಂದು ಸ್ಕೇಲಿಟ್ಟು ಅಳೆದೆ, ಓದಲಿಲ್ಲ.

ಮೊದಲ ಕರೆ ಸಂಜೆಯ ಬಸ್ಸಿನಲ್ಲಿ ಬಂತು.

"ಬುಕ್ಕಿನ್ಯಾಗ ನಂಬರ್ ಅದಲ್ಲ, ಅವ್ರೇನ್ರಿ? ಸುರಪುರದಾಗಿಂದ ಮಾತಾಡಾಕತ್ತೇನಿ, ಬ್ಯಾಳಿ ಗಿರಣಿಯಾಕಿ. ಬರೇ ನುಚ್ಚ ಬರಾಕತ್ತದ."

"ಹನ್ನೆರಡನೇ ಪುಟ ನೋಡ್ರಿ ಅಕ್ಕಾರ," ಎಂದೆ ಮೆಲ್ಲಗೆ.

"ನೋಡೀನವಾ, ನನಗ ಓದಾಕ ಬರ್ತದ. ನೀ ಬಾಯಿಲೆ ಹೇಳು. ಜೋರ್ಲೆ!"

"ರೋಲರ್ ನಡುವ ಜಾಗ ಜಾಸ್ತಿ ಮಾಡ್ರಿ!" ಎಂದು ಕೂಗಿದೆ. ಇಡೀ ಬಸ್ಸು ತಿರುಗಿ ನೋಡಿತು.

ಮುಂದಿನ ಸೀಟಿನ ಅಜ್ಜ, "ಗಿರಣಿ ಹಾಕೀದೇನವಾ? ನಮ್ಮ ಮನಿ ತೊಗರಿ ಅದ. ರೇಟ್ ಏನ್ ಹಿಡೀತಿ?" ಎಂದು ಕೇಳಿದ.

ಕೊಡೇಕಲ್‌ನಿಂದಲೂ ಕರೆ ಬಂತು, ಎಲ್ಲೆಲ್ಲಿಂದಲೋ ಬಂದವು. ಎರಡು ವರ್ಷ ಜತನ ಮಾಡಿದ ನನ್ನ ಮೌನ ಒಂದೇ ವಾರದಲ್ಲಿ ಮುಗಿಯಿತು. ಸಾಹುಕಾರರಿಗೆ ಮಾತ್ರ ಖುಷಿ. "ಭಾರಿ ಕೆಲ್ಸ ಮಾಡೀರಿ ಮೇಡಂ. ಇಷ್ಟ್ ದಿನ ಇವ್ರೆಲ್ಲ ನನ್ನ ಜೀವ ತಿಂತಿದ್ರು."

"ನಂಬರ್ ತೆಗೀತೀನ್ರಿ," ಎಂದೆ.

"ತೆಗೀರಿ. ಆದ್ರ ಒಂದ್ ಮಶೀನಿಗೆ ಎರಡ್ ಪುಸ್ತಕ ಇರಬಾರ್ದು. ಹಳೇವು ವಾಪಸ್ ತರ್ರಿ."

"ಯಾರ ಕಡಿಂದ ತರಿಸ್ಲಿರಿ?"

"ನಂಬರ್ ಯಾರದದ?"

ಕಚೇರಿಯ ನಂಬರಿದ್ದ ಹೊಸ ಕೈಪಿಡಿಗಳು ಚಹಾ ಆರುವುದರೊಳಗೆ ಸಿದ್ಧವಾದವು. ಅವನ್ನು ಗಿರಣಿಯಿಂದ ಗಿರಣಿಗೆ ಹೊತ್ತು ಮಾತಾಡಿಕೊಂಡು ತಿರುಗುವ ಕೆಲಸಕ್ಕೆ ಪ್ರೋಗ್ರಾಂ ಇರಲಿಲ್ಲ.

ಕೊಂಕಲ್ಲಿನ ಗಿರಣಿಯವರು ಒಮ್ಮೆಯೂ ಫೋನ್ ಮಾಡಿದವರಲ್ಲ. "ಇದಾ? ಒಯ್ರಿ," ಎಂದು ಪ್ಲಾಸ್ಟಿಕ್ ಕವರು ಕೂಡ ಬಿಚ್ಚದ ಪುಸ್ತಕವನ್ನು ಕೈಗಿಟ್ಟರು. ಬೇಕಾಗಿದ್ದುದು ಅದೇ ತಾನೆ? ಆದರೂ ವಾಪಸು ಬರುವಾಗ, ನನ್ನ ಕೋಷ್ಟಕಗಳನ್ನು ಅಲ್ಲಿ ಒಬ್ಬರೂ ನೋಡಲಿಲ್ಲವಲ್ಲ ಎಂದು ಮುನಿಸಿಕೊಂಡು ಕೂತಿದ್ದೆ.

ಸುರಪುರದ ಅಕ್ಕನ ಗಿರಣಿಯಲ್ಲಿ ಕೈಪಿಡಿ ಎಣ್ಣೆ ಕುಡಿದು ಉಬ್ಬಿ, ಯಂತ್ರದ ಪಕ್ಕ ಮೊಳೆಗೆ ತೂಗುತ್ತಿತ್ತು. ಅವರ ಹುಬ್ಬಿನ ಮೇಲೆಲ್ಲ ತೊಗರಿ ಹೊಟ್ಟಿನ ಧೂಳು.

"ಹೊಸಾದು ಇಟ್ಟು ಹೋಗು. ಹಳೇದು ಕೊಡಂಗಿಲ್ಲ."

"ಅದ್ರಾಗ ನನ್ನ ನಂಬರ್ ಅದ್ರಿ ಅಕ್ಕಾರ."

"ಅದಕ್ಕ ಕೊಡಂಗಿಲ್ಲ."

ನಾನು ಹೊಸ ಕೈಪಿಡಿಯನ್ನು ಮುಂದೆ ಹಿಡಿದೆ. ಅವರು ನನ್ನ ಮುಖವನ್ನೇ ನೋಡಿದರು. "ಫೋನ್ ಮಾಡಬ್ಯಾಡ್ರಿ ಅನ್ನಾಕ ಬರಂಗಿಲ್ಲೇನು ನಿನಗ? ಅದಕ್ಕ ಇಷ್ಟ್ ಪುಸ್ತಕ ಛಾಪಿಸಿ, ಬಸ್ ಹತ್ತಿ ಬಂದೀ?"

ನಾನು ಮಾಡಿದ್ದನ್ನು ಇಷ್ಟು ಚಿಕ್ಕದಾಗಿ ನನಗೇ ಹೇಳಲು ಬರುತ್ತಿರಲಿಲ್ಲ.

"ಹೇಳು ಈಗ. ಕೇಳ್ತೀನಿ."

ಬೇಡವೇ ಬೇಡ ಎನ್ನಲು ಬಾಯಿ ತೆರೆದೆ. "ಸಂಜಿಮುಂದ ಬಸ್ಸಿನ್ಯಾಗ ಇರ್ತೀನ್ರಿ. ಆವಾಗ ಬ್ಯಾಡ್ರಿ," ಎಂದೆ.

ಅವರು ಪೆನ್ನು ತಗೊಂಡು, ಹಳೇ ಕೈಪಿಡಿಯ ಮುಖಪುಟದ ಶೀರ್ಷಿಕೆಯ ಮೇಲೇ ಅಡ್ಡಡ್ಡ, ನಾನು ಬಿಟ್ಟಿದ್ದ ಅಂಚನ್ನೂ ದಾಟಿ ಬರೆದರು: ಸಂಜಿಮುಂದ ಫೋನ್ ಬ್ಯಾಡ.

"ಆತಿಲ್ಲ? ಕುಂದ್ರು, ಚಾ ಕುಡಿ."

ಕೂತ ಸ್ಟೂಲು ಅಲುಗಾಡಿತು. ಅವರು ನನ್ನ ಕೈಯಲ್ಲಿದ್ದ ಹೊಸ ಕೈಪಿಡಿ ತೆಗೆದುಕೊಂಡು ಸ್ಟೂಲಿನ ಗಿಡ್ಡ ಕಾಲಿನಡಿ ತಳ್ಳಿದರು. ಅಳತೆ ಸರಿಯಾಗಿತ್ತು.