ಸೈಕಲ್ಲಿನ ಕತ್ತಿಗೆ ಅಭಿಷೇಕ

ಮೊನ್ನೆ ಆಯುಧಪೂಜೆಯ ಬೆಳಿಗ್ಗೆ ಎದುರುಮನೆಯವರು ತಮ್ಮ ಹೊಸ ಬೈಕಿಗೆ ಪೈಪು ಹಿಡಿದು ನೀರು ಹಾಯಿಸುತ್ತಿದ್ದರು. ಒಡೆದ ತೆಂಗಿನಕಾಯಿ, ಚೆಂಡುಹೂವು, ಒದ್ದೆ ಕುಂಕುಮ ಇವೆಲ್ಲದರ ವಾಸನೆ ಒಂದಾಗಿ ರಸ್ತೆ ದಾಟಿ ನಮ್ಮ ಜಗುಲಿಗೆ ಬಂತು. ಅದು ಮೂಗಿಗೆ ತಾಕಿದ್ದೇ ತಡ, ನನ್ನ ಕಿವಿಯಲ್ಲಿ 'ಕಿರ್ರ್... ಕಟಕ್' ಎಂಬ ಸದ್ದಾಯಿತು. ಮೂಗಿನಿಂದ ಕಿವಿಗೆ ಹೋಗುವ ಈ ಒಳದಾರಿಯ ಬಗ್ಗೆ ವೈದ್ಯರು ಏನು ಹೇಳುತ್ತಾರೋ ತಿಳಿಯದು. ನನ್ನ ಮಟ್ಟಿಗೆ ಅದು ಒಂದು ಹಳೆಯ ಸೈಕಲ್ಲಿನ ಹ್ಯಾಂಡಲ್ಲಿನ ಮೂಲಕ ಹಾದುಹೋಗುತ್ತದೆ.

ಹೇಳಿದ್ದನ್ನು ಹೇಳಿದಂತೆಯೇ ನಂಬುವ ಸುಖ ನನಗೆ ಒದಗಿ ಬಂದಿಲ್ಲ. ನಾನು ಶಾಲೆ ಬಿಟ್ಟೆನೆಂಬುದು ಮೇಷ್ಟರ ವಾದ. ಶಾಲೆಯೇ ನನ್ನನ್ನು ಬಿಟ್ಟಿತೆಂಬುದು ನನ್ನದು. ಉಳಿದ ವಿದ್ಯೆಯನ್ನೆಲ್ಲ ನಮ್ಮೂರು ಹಳೇಬೀಡಿನ ವಾಚನಾಲಯದ ಬೆಂಚಿನ ಮೇಲೆ ಕುಳಿತು ಸಂಪಾದಿಸಿದೆ. ಹಾಗೆ ಕಲಿತವನಿಗೆ ಪುಸ್ತಕದ ಮೇಲೂ ಅನುಮಾನ, ಮನುಷ್ಯರ ಮೇಲೂ ಅನುಮಾನ. ಒಮ್ಮೆ ದೇವಾಲಯದ ಅಂಗಳದಲ್ಲಿ ಗೈಡೊಬ್ಬರು, ಈ ಕಂಬ ಕಡೆದ ಶಿಲ್ಪಿ ಅನ್ನ ನೀರು ಬಿಟ್ಟು ಕೆಲಸ ಮಾಡಿದನೆಂದು ಪ್ರವಾಸಿಗರಿಗೆ ವರ್ಣಿಸುತ್ತಿದ್ದಾಗ, "ಅನ್ನ ಬಿಟ್ಟವನು ಸುತ್ತಿಗೆ ಎತ್ತಿದ್ದು ಹೇಗೆ ಸ್ವಾಮಿ?" ಎಂದು ಕೇಳಿದೆ. ಅಂದಿನಿಂದ ಅವರು ನನ್ನನ್ನು ಕಂಡರೆ ತಮ್ಮ ಗುಂಪನ್ನು ಇನ್ನೊಂದು ಬಾಗಿಲ ಕಡೆ ತಿರುಗಿಸುತ್ತಿದ್ದರು.

ಇಂಥ ನಾನು, ಜೀವನದಲ್ಲಿ ಒಮ್ಮೆ ಮಾತ್ರ, ಪರೀಕ್ಷಿಸದೆ ನಂಬಿದೆ. ಅದು ತೊಂಬತ್ತರ ದಶಕದ ನಡುಭಾಗ. ಮಾದಿಹಳ್ಳಿಯ ಹಾಲಿನ ಡೈರಿಯಲ್ಲಿ ನನಗೆ ಕೆಲಸವಾಗಿತ್ತು. ದಿನವೂ ಹೋಗಿಬರಲು ಸೈಕಲ್ಲು ಬೇಕಿತ್ತು. ಅರಸೀಕೆರೆಯಲ್ಲಿ ವರ್ಗವಾಗಿ ಹೊರಟಿದ್ದ ರೈಲ್ವೆ ನೌಕರರೊಬ್ಬರು ತಮ್ಮದನ್ನು ಮಾರಿದರು. "ಕಣ್ಣು ಮುಚ್ಕೊಂಡು ತಗೊಳ್ಳಿ, ರೈಲಿನ ಹಾಗೆ ನೇರ ಹೋಗುತ್ತೆ" ಎಂದರು. ಅವರು ಸುಳ್ಳು ಹೇಳಿರಲಿಲ್ಲ. ಮಾದಿಹಳ್ಳಿಯ ತಿರುವಿನಲ್ಲಿ ನಾನು ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿದೆ, ಹ್ಯಾಂಡಲ್ಲು ತಿರುಗಿತು, ಚಕ್ರ ಮಾತ್ರ ನೇರವಾಗಿ ಹೋಗಿ ರಾಗಿ ಹೊಲವನ್ನು ಪ್ರವೇಶಿಸಿತು.

ಮೊಣಕೈ ತರಚಿಕೊಂಡು ಮನೆಗೆ ಬಂದವನನ್ನು ನನ್ನ ಹೆಂಡತಿ ಗೌರಿ ಅಡಿಯಿಂದ ಮುಡಿಯವರೆಗೆ ನೋಡಿ, "ಹೊಸಾ ಗಾಡಿಗೆ ಒಂದು ಪೂಜೆ ಇಲ್ಲ, ಪುನಸ್ಕಾರ ಇಲ್ಲ. ಬೀಳದೆ ಇನ್ನೇನಾಯ್ತದೆ?" ಎಂದಳು. ನಾನು ಬೋಲ್ಟು ಸಡಿಲವಾಗಿತ್ತೆಂದು ವಾದಿಸಿ, ಅದನ್ನು ಬಿಗಿ ಮಾಡಿಸಿದೆ. ಅವಳು ಆ ವರ್ಷದ ಆಯುಧಪೂಜೆಯಲ್ಲಿ, ಬಿದ್ದದ್ದಕ್ಕೆ ಹ್ಯಾಂಡಲ್ಲೇ ಕಾರಣವೆಂಬ ಮಟ್ಟಿಗೆ ನನ್ನ ಮಾತನ್ನು ಒಪ್ಪಿ, ಪೂಜೆಯನ್ನೆಲ್ಲ ಅದು ಚೌಕಟ್ಟಿನೊಳಗೆ ಇಳಿಯುವ ಕತ್ತಿಗೇ ಸಲ್ಲಿಸಿದಳು. ತಂಬಿಗೆಯಿಂದ ನೀರು, ಮೇಲೆ ಕುಂಕುಮ, ಅಕ್ಷತೆ, ಕಡೆಗೆ ಒಡೆದ ಕಾಯಿಯ ನೀರಿನ ಅಭಿಷೇಕ. ಅವಳ ತವರು ಅರಸೀಕೆರೆ ಕಡೆಯದು. ಆ ತೆಂಗಿನ ಸೀಮೆಯವರಿಗೆ ಕಾಯಿಯ ವಿಷಯದಲ್ಲಿ ಕೈ ಬಿಗಿಹಿಡಿದು ಅಭ್ಯಾಸವಿಲ್ಲ.

ಆಮೇಲೆ ನಾನು ಬೀಳಲಿಲ್ಲ. ಆದರೆ ಹ್ಯಾಂಡಲ್ಲು ಮಾತನಾಡಲು ಶುರುಮಾಡಿತು. ಮೊದಲ ವರ್ಷ ಪಿಸುಮಾತು. ಬರಬರುತ್ತಾ ಪ್ರತಿ ತುಳಿತಕ್ಕೂ 'ಕಿರ್ರ್', ಪ್ರತಿ ಗುಂಡಿಗೂ 'ಕಟಕ್'.

ಸದ್ದು ನನಗೊಬ್ಬನಿಗೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಗೌರಿಯ ಅಕ್ಕನನ್ನು ಹುಲಿಕೆರೆಗೆ ಕೊಟ್ಟಿತ್ತು. ವಾರಕ್ಕೊಮ್ಮೆ ಸಂಜೆ ಗೌರಿಯನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ನಾನು ಅಲ್ಲಿಗೆ ಹೋಗುತ್ತಿದ್ದೆ. ನಮ್ಮದು ಅಮ್ಮ, ಅಣ್ಣಂದಿರು, ಅತ್ತಿಗೆಯರು ತುಂಬಿದ ಮನೆ. ಅಲ್ಲಿ ಗಂಡ ಹೆಂಡತಿ ಮಾತನಾಡಿದರೆ ನಾಲ್ಕು ಕಡೆಯಿಂದ ಉತ್ತರ ಬರುತ್ತಿತ್ತು. ನಮ್ಮಿಬ್ಬರದೇ ಆದ ಮಾತು ನಡೆಯುತ್ತಿದ್ದುದು ಆ ಹುಲಿಕೆರೆ ದಾರಿಯಲ್ಲಿ ಮಾತ್ರ. ಅವಳು ಹಗುರ, ಹತ್ತಿದ್ದು ನನಗೆ ತಿಳಿಯುತ್ತಿರಲಿಲ್ಲ. ಆದ್ದರಿಂದ "ಕೂತೆ" ಎನ್ನುವಳು. ಆ ಒಂದು ಮಾತಿನಿಂದ ವಾರದ ಮಾತುಕತೆ ಆರಂಭವಾಗುತ್ತಿತ್ತು.

ಒಂದು ಸಂಜೆ ಅವಳು ಕೂರಲಿಲ್ಲ.

"ಇದರ ಮೇಲೆ ಕೂತ್ರೆ ಊರಿಗೆಲ್ಲ ಡಂಗುರ ಸಾರಿದಂಗೈತೆ ಕಣ್ರೀ. ಮನೆಮನೆ ಬಾಗ್ಲಲ್ಲಿ ಹೆಂಗಸರು ನಿಂತ್ಕೊಂಡು ನಗ್ತಾರೆ. ನಾನು ಬಸ್ಸಲ್ಲಿ ಹೋಯ್ತೀನಿ" ಎಂದು ಹೊರಟೇಬಿಟ್ಟಳು. ಬಸ್ಸು ನನ್ನ ಮುಖಕ್ಕೆ ಧೂಳು ಹಾರಿಸಿ ಮುಂದೆ ಹೋಯಿತು. ನಾನು ಹಿಂದೆ ಕಿರ್ರ್ ಕಟಕ್ ಎನ್ನುತ್ತಾ, ಮಾತಿಗೆ ಜನವಿಲ್ಲದೆ ಹೋದೆ.

ಸದ್ದಿನ ಮೂಲದ ಬಗ್ಗೆ ಊರಿನಲ್ಲಿ ಅಭಿಪ್ರಾಯಗಳಿಗೇನೂ ಬರವಿರಲಿಲ್ಲ. ನಮ್ಮಣ್ಣ ಸೀಟೆಂದ. ಡೈರಿಗೆ ಹಾಲು ಹಾಕುವ ತಿಮ್ಮೇಗೌಡರು ಪೆಡಲ್ಲೆಂದರು. ಸೈಕಲ್ ಶಾಪಿನ ಗೋವಿಂದ, "ವಯಸ್ಸಾದ ಮೇಲೆ ಗೊಣಗ್ತದೆ ಬಿಡಿ ಸಾರ್, ನಿಮ್ಮಂಗೇ" ಎಂದು ಮೇಲಿಂದ ಎಣ್ಣೆ ಸುರಿದು ಕಳಿಸಿದ. ಗೌರಿಯ ತೀರ್ಮಾನ ಎಲ್ಲಕ್ಕಿಂತ ಸರಳವಾಗಿತ್ತು: ಪೂಜೆ ಸಾಲದು. ಮುಂದಿನ ಆಯುಧಪೂಜೆಗೆ ಒಂದಕ್ಕೆರಡು ಕಾಯಿ ಒಡೆದಳು. ಸದ್ದೂ ಒಂದಕ್ಕೆರಡಾಯಿತು.

ಆಗ ನನ್ನ ತಲೆಯಲ್ಲಿ ಅನುಮಾನ ಮೊಳೆಯಿತು. ಹಬ್ಬ ಕಳೆದ ಮೇಲೆಯೇ ಸದ್ದು ಏರುವುದೇಕೆ?

ಒಂದು ಭಾನುವಾರ ಬೇಲೂರು ರಸ್ತೆಯ ಲಾರಿ ಗ್ಯಾರೇಜಿನಿಂದ ಒಂದು ಎಲೆಯ ತುಂಬ ಗ್ರೀಸು ತಂದೆ. ಅಂಗಳದಲ್ಲಿ ಕುಳಿತು ಹ್ಯಾಂಡಲ್ಲಿನ ಕತ್ತಿನ ಮೇಲಿನ ಬೋಲ್ಟನ್ನು ಸಡಿಲಿಸಿ, ಅದರ ತಲೆಯ ಮೇಲೆ ಮರದ ತುಂಡಿಟ್ಟು ಮೆಲ್ಲನೆ ಬಡಿದೆ. ಒಳಗೆ ಕಚ್ಚಿಕೊಂಡಿದ್ದುದು ಬಿಟ್ಟಿತು. ಹ್ಯಾಂಡಲ್ಲನ್ನು ಅತ್ತಿತ್ತ ತಿರುಚಿ ಮೇಲೆಳೆದೆ. ಹುಳಿತ ಕಾಯಿನೀರಿನ ವಾಸನೆ ಬಂತು. ಒಳಗಿನ ಕೊಳವೆಯ ಮೈಮೇಲೆ ತುಕ್ಕು, ಅಂಟು, ಕುಂಕುಮ ಸೇರಿ ಕಗ್ಗಂದು ಲೇಹ್ಯವಾಗಿತ್ತು. ಬೋಲ್ಟಿನ ಗುಳಿಯಲ್ಲಿ ಹಳೆಯ ಅಕ್ಷತೆಯ ಕಾಳುಗಳು ಕಪ್ಪಗೆ ಕುಳಿತಿದ್ದವು.

"ಗೌರೀ!" ಎಂದು ಕೂಗಿದೆ. ಸತ್ಯ ಕಂಡವನ ಧ್ವನಿ ಇಷ್ಟು ಜೋರಾಗಿರಬಾರದೆಂದು ಆಮೇಲೆ ಅನ್ನಿಸಿತು. "ನೋಡು, ಕಿರುಗುಟ್ಟುತ್ತಿದ್ದುದು ನಿನ್ನ ಪೂಜೆ."

ಅವಳು ಬಂದು, ಕೊಳವೆ ನೋಡಿ, ನನ್ನನ್ನು ನೋಡಿದಳು. "ಸರಿ. ನೀರು ಒಳಗೆ ಹೋಗಿರೋದು ನಿಜ. ಪೂಜೆ ಸುರುವಾದ ಮೇಲೆ ನೀವು ಬಿದ್ದಿಲ್ಲ, ಅದೂ ನಿಜ ತಾನೆ? ಇದನ್ನ ಬಿಚ್ಚಿ ನೋಡಿದ್ರಲ್ಲ, ಅದನ್ನ ಹೆಂಗೆ ಬಿಚ್ಚಿ ನೋಡ್ತೀರಿ?"

ನನ್ನ ಬಳಿ ಅದಕ್ಕೆ ತಕ್ಕ ಸ್ಪ್ಯಾನರ್ ಇರಲಿಲ್ಲ.

ಕೊಳವೆಯನ್ನು ಸೀಮೆಎಣ್ಣೆಯಿಂದ ತಿಕ್ಕಿ ಒರೆಸಿ, ಗ್ರೀಸು ಸವರಿ, ಹ್ಯಾಂಡಲ್ಲನ್ನು ಕೂರಿಸಿದೆ. ಸದ್ದು ಮಾಯ! ಅಂಗಳದಲ್ಲಿ ಎರಡು ಸುತ್ತು ಹಾಕಿ ತೋರಿಸಿದೆ. ಆ ಸಂಜೆ ಗೌರಿ ತಾನಾಗಿಯೇ ಬಾಗಿಲಿಗೆ ಬಂದು, ಕ್ಯಾರಿಯರ್ ಏರಿ, "ಕೂತೆ" ಎಂದಳು. ಹೆಂಗಸರು ಬಾಗಿಲಿಗೆ ಬರುವ ಮೊದಲೇ ನಾವು ಬೀದಿ ದಾಟಿದ್ದೆವು. ಅವಳು ಮಾತನ್ನು ಅಕ್ಕನ ಮನೆಯ ಎಮ್ಮೆಯಿಂದ ಆರಂಭಿಸಿ ನನ್ನ ಅತ್ತಿಗೆಯವರೆಗೆ ಬಂದಿದ್ದಳು. ಹುಲಿಕೆರೆಯ ತಿರುವು ಬಂತು. ಬಲಕ್ಕೆ ತಿರುಗಿಸಿದೆ, ಹ್ಯಾಂಡಲ್ಲು ತಿರುಗಿತು, ಚಕ್ರ ತನ್ನ ರೈಲ್ವೆ ಸಂಸ್ಕಾರವನ್ನು ನೆನೆದು ನೇರ ಹೋಯಿತು.

ಅದು ಭತ್ತದ ಗದ್ದೆ, ಕೆಸರು ಮೆತ್ತಗಿತ್ತು. ಕಂಡುಹಿಡಿದ ಸಂಭ್ರಮದಲ್ಲಿ ಗ್ರೀಸನ್ನು ಧಾರಾಳವಾಗಿ ಬಳಿದು, ಬೋಲ್ಟನ್ನು ಅರೆಬರೆ ತಿರುಗಿಸಿ ಎದ್ದುಬಿಟ್ಟಿದ್ದೆ. ಹೆದರಿ ಪಕ್ಕಕ್ಕೆ ನೋಡಿದರೆ ಗೌರಿ ಪೈರಿನ ನಡುವೆ ಕುಳಿತು, ಸೆರಗಿನಿಂದ ಮುಖದ ಕೆಸರು ಒರೆಸಿಕೊಳ್ಳುತ್ತಾ, ನಗು ತಡೆಯಲಾರದೆ ತೂಗಾಡುತ್ತಿದ್ದಳು.

"ಪೂಜೆ ತೊಳೆದ ದಿವ್ಸವೇ ಬಿದ್ರಲ್ರೀ!"

"ಬೋಲ್ಟು ಕಣೇ, ಬೋಲ್ಟು!"

"ಹೌದೌದು, ಬೋಲ್ಟು. ಕೈ ಕೊಡಿ."

ಮರುದಿನ ನಾನು ಬೋಲ್ಟನ್ನು, ಮುಂಚಕ್ರವನ್ನು ಮೊಣಕಾಲ ನಡುವೆ ಅದುಮಿ ಹಿಡಿದು ತಿರುಚಿದರೂ ಹ್ಯಾಂಡಲ್ಲು ಅಲುಗದಂತೆ, ಬಿಗಿದೆ. ಅವಳು ಮುಂದಿನ ಹಬ್ಬದಲ್ಲಿ, ಅಂಗಡಿಯವರು ಸಕ್ಕರೆ ಕಟ್ಟಿಕೊಟ್ಟಿದ್ದ ಪ್ಲಾಸ್ಟಿಕ್ ಕವರನ್ನು ಸೈಕಲ್ಲಿನ ಕತ್ತಿಗೆ ಸುತ್ತಿ ದಾರ ಬಿಗಿದು, ಅದರ ಮೇಲೆ ಅಭಿಷೇಕ ಮಾಡಿದಳು. ಮತ್ತೆ ಸದ್ದಾಗಲಿಲ್ಲ, ಮತ್ತೆ ಬೀಳಲೂ ಇಲ್ಲ. ಗೆದ್ದವರು ಯಾರೆಂದು ಇಂದಿಗೂ ಇತ್ಯರ್ಥವಾಗಿಲ್ಲ.

ಆ ಸೈಕಲ್ಲು ಇನ್ನೂ ನಮ್ಮ ಜಗುಲಿಯಲ್ಲಿದೆ. ಮೊನ್ನೆ ಮಂಡಿನೋವಿನ ಗೌರಿ ಗೋಡೆ ಹಿಡಿದು ಹೊರಬಂದು, ನಾನು ಕವರು ಸುತ್ತುವುದನ್ನು ನೋಡಿ, "ಮೊದ್ಲು ಬೋಲ್ಟು ಬಿಗಿ ಐತಾ ನೋಡಿದ್ರಾ?" ಎಂದಳು.

"ನೋಡಿದೆ. ನೀನು ಅಕ್ಷತೆ ಮರೆತು ಬಂದಿದ್ದೀಯ" ಎಂದೆ. ಅಂದ ಮೇಲೆ, ಹಾಗೆ ಅಂದವನು ನಾನೇನಾ ಎಂದು ನನಗೇ ಅನುಮಾನವಾಯಿತು.

ಪೂಜೆ ಮುಗಿಯಿತು. ಮನೆಯೊಳಗೆ ಹಬ್ಬಕ್ಕೆ ಬಂದ ನೆಂಟರು, ಟೀವಿ, ಮಕ್ಕಳ ಗಲಾಟೆ. ಒಳಗೆ ಹೋಗೋಣವೇ ಎಂದೆ. ಅವಳು ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಸೈಕಲ್ಲಿನ ಬಳಿ ಬಂದು, ನನ್ನ ಭುಜ ಹಿಡಿದು, ಮೆಲ್ಲನೆ ಕ್ಯಾರಿಯರಿನ ಮೇಲೆ ಏರಿದಳು.

"ಕೂತೆ" ಎಂದಳು. "ಈಗ ಹೇಳಿ."