ಸೀತಕ್ಕನ ಮಾತು, ಮುತ್ತನ ತೊಟ್ಟಿಲು

ಹಂಗಾರಕಟ್ಟೆಯ ನಮ್ಮ ಕಲೆ ಮತ್ತು ಚರಿತ್ರೆ ಸಂಗ್ರಹಾಲಯದ ಆಡಳಿತ ಮಂಡಳಿಯಲ್ಲಿ ಐದು ಜನ. ಸಂಬಳವಿಲ್ಲ, ಭತ್ಯೆಯಿಲ್ಲ. ಸಭೆಗೆ ಬಂದವರಿಗೆ ಒಂದು ಲೋಟ ಚಾ ಮತ್ತು ಅಧ್ಯಕ್ಷರ ಭಾಷಣ. ಚಾ ಚೆನ್ನಾಗಿರುತ್ತದೆ.

ಅಧ್ಯಕ್ಷ ಶಾಮರಾಯ ಐತಾಳರು ನಿವೃತ್ತ ಪೋಸ್ಟ್ ಮಾಸ್ಟರು. ರಸೀದಿ ಇಲ್ಲದೆ ಹೆಂಡತಿಯ ಕೈಯಿಂದ ಉಪ್ಪಿನಕಾಯಿಯನ್ನೂ ಹಾಕಿಸಿಕೊಳ್ಳುವುದಿಲ್ಲ ಎಂದು ಊರಲ್ಲಿ ಅವರ ಬಗ್ಗೆ ಮಾತು. ಖಜಾಂಚಿ ಪದ್ಮಾಕ್ಷಿ ಟೀಚರು ಎಲ್ಲದಕ್ಕೂ ಒಂದು ಫಲಕ ಬರೆದು ತೂಗುಹಾಕುವವರು. ಡಾಕ್ಟರ್ ಶ್ರೀಕರ ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ಬರುವವರು. ಕಾರ್ಯದರ್ಶಿ ಸುಧೀರ, ಅಂದರೆ ನಾನು. ಸಾಲಿಗ್ರಾಮದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ನನ್ನನ್ನು ಆರಿಸಿದ್ದು ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಐದನೆಯವಳು ಸೀತಕ್ಕ. ಮೂವತ್ತೆಂಟು ವರ್ಷ ಮನೆಮನೆಗೆ ಮೀನಿನ ಬುಟ್ಟಿ ಹೊತ್ತವಳು. ಮಂಡಳಿಯಲ್ಲಿ ಮೀನುಗಾರರ ಕಡೆಯಿಂದ ಒಬ್ಬರು ಇರಲೇಬೇಕು ಎಂದು ಐತಾಳರು ತಮ್ಮ ಕೈಯಾರೆ ನಿಯಮ ಬರೆದಿದ್ದರು. ಆಯ್ಕೆಯ ದಿನ ನೋಡಿದರೆ ಗಂಡಸರೆಲ್ಲ ಕಡಲಿಗೆ ಹೋಗಿದ್ದಾರೆ. ದಾರಿಯಲ್ಲಿ ಬುಟ್ಟಿ ಹೊತ್ತು ಹೋಗುತ್ತಿದ್ದ ಸೀತಕ್ಕನನ್ನು ಕರೆದು ಕೂರಿಸಿದರು. ಅವಳು ಬುಟ್ಟಿಯನ್ನು ಹೊರಗಿಟ್ಟು ಬಂದಳು. ಸಭೆ ಮುಗಿಯುವವರೆಗೂ ಅವಳ ಒಂದು ಕಣ್ಣು ಬುಟ್ಟಿಯ ಮೇಲೆ, ಇನ್ನೊಂದು ಕಣ್ಣು ಬೆಕ್ಕಿನ ಮೇಲೆ.

ಮೊದಲ ಎರಡು ವರ್ಷ ಉಳಿದ ನಾಲ್ವರು ಸೇರಿ ಊರೂರು ಅಲೆದು ತಂದದ್ದು ಒಂದು ತುಕ್ಕು ಹಿಡಿದ ಬೀಗ. ಕೀಲಿ ಕೈ ಕೊಡಲು ಆ ಮನೆಯವರು ಒಪ್ಪಲಿಲ್ಲ. ಸೀತಕ್ಕ ಒಂದೇ ಮಳೆಗಾಲದಲ್ಲಿ ನಲವತ್ತು ವಸ್ತು ತಂದಳು. ಯಾರ ಅಟ್ಟದಲ್ಲಿ ಏನಿದೆ ಎನ್ನುವುದು ಆ ಮನೆಯ ಸೊಸೆಗಿಂತ ಇವಳಿಗೆ ಚೆನ್ನಾಗಿ ಗೊತ್ತು. ಮೀನು ಹಾಕಿಸಿಕೊಳ್ಳಲು ಹೆಂಗಸರು ಪಾತ್ರೆ ತರುವ ಹೊತ್ತಿನಲ್ಲಿ ಹಿತ್ತಿಲ ಬಾಗಿಲಲ್ಲಿ ಕುಳಿತು ಇಣುಕಿ ನೋಡಿದ ಅನುಭವ ಸುಮ್ಮನೆ ಹೋಗುತ್ತದೆಯೇ?

ಆದರೆ ಅವಳು ಕೇಳುತ್ತಿದ್ದ ರೀತಿಯೇ ಬೇರೆ. "ಕೊಡಿ ಮಾರ್ರೆ, ಸಾಮಾನ್ ನಿಮ್ದೇ. ನಿಮ್ಗೆ ಬೇಕಾದ್ ದಿನ ನಾನೇ ತಂದ್ ಕೊಡ್ತೆ" ಎನ್ನುತ್ತಿದ್ದಳು. ಜನ ಕೊಡುತ್ತಿದ್ದರು. ಐತಾಳರು ಅದನ್ನೇ ದಪ್ಪ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ 'ಶಾಶ್ವತ ದಾನ' ಎಂದು ಬರೆಯುತ್ತಿದ್ದರು. ಪುಸ್ತಕದಲ್ಲಿ ಏನಿದೆಯೆಂದು ಅವಳು ಕೇಳಲಿಲ್ಲ, ಅವಳು ಏನು ಹೇಳಿ ತಂದಳೆಂದು ಇವರು ಕೇಳಲಿಲ್ಲ. ಹನ್ನೊಂದು ವರ್ಷ ಇದು ಹೀಗೇ ನಡೆಯಿತು.

ಅವಳು ತಂದದ್ದರಲ್ಲೆಲ್ಲ ದೊಡ್ಡದು ಮುತ್ತನ ತೊಟ್ಟಿಲು. ಮುತ್ತ ದೋಣಿ ಕಟ್ಟುವವನು, ಈಗ ಎಂಬತ್ತು ದಾಟಿದೆ. ಅವನ ಅಜ್ಜ ಹಡಗು ಕಟ್ಟಿ ಉಳಿದ ಸಾಗುವಾನಿಯಲ್ಲಿ ಮಾಡಿದ ತೊಟ್ಟಿಲು ಅದು. ಸುತ್ತ ಸಾಲಾಗಿ ಮೀನು ಕೆತ್ತಿದ್ದಾನೆ, ಒಳಗೆ ತಳದ ಹಲಗೆಯಲ್ಲಿ ತನ್ನ ಹೆಸರು ಮತ್ತು ಇಸವಿ. ದೂರದಿಂದ ಬಂದವರೂ ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಿದ್ದರು. ಯಾರಾದರೂ ಮುಟ್ಟಿ ತೂಗಿದರೆ ಸೀತಕ್ಕ ಹಾರಿ ಬೀಳುತ್ತಿದ್ದಳು. ಬರಿದಾದ ತೊಟ್ಟಿಲು ತೂಗಬಾರದಲ್ಲ! ಪದ್ಮಾಕ್ಷಿ ಟೀಚರು ಅದಕ್ಕೂ ಒಂದು ಫಲಕ ಬರೆದರು.

ಸಂಗ್ರಹಾಲಯ ಇರುವ ಹಳೆ ಗೋದಾಮಿನ ಯಜಮಾನರು ಮುಂಬೈಯಲ್ಲಿರುವುದು. ಸರ್ಕಾರದ ಮಾನ್ಯತೆ ಸಿಕ್ಕಿದರೆ ಕಟ್ಟಡ ನಿಮಗೇ ಇರಲಿ, ಇಲ್ಲದಿದ್ದರೆ ಐಸ್ ವ್ಯಾಪಾರದವರಿಗೆ ಕೊಡುತ್ತೇನೆ ಎಂದು ಕಳೆದ ವರ್ಷ ಅವರು ಹೇಳಿಬಿಟ್ಟರು. ಐತಾಳರು ಹದಿನೇಳು ಅರ್ಜಿ ಹಾಕಿದರು, ಜೆರಾಕ್ಸ್ ನಾನು ಮಾಡಿದೆ. ಕೊನೆಗೆ ಮೇ ತಿಂಗಳ ಒಂದು ಗುರುವಾರ ಹನ್ನೊಂದು ಗಂಟೆಗೆ ಪರಿಶೀಲನಾಧಿಕಾರಿ ಬರುತ್ತಾರೆ ಎಂದು ಕಾಗದ ಬಂತು. ಐತಾಳರು ಆ ದಿನವೇ 'ಸರ್ಕಾರದಿಂದ ಮಾನ್ಯತೆ ಪಡೆದ' ಎಂದು ಬೋರ್ಡು ಬರೆಸಲು ಕೊಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವುದು ಇದಕ್ಕೇ.

ಸೋಮವಾರದ ಸಭೆಯಲ್ಲಿ ಸೀತಕ್ಕ ಎದ್ದು ನಿಂತಳು.

"ಹ್ವಾಯ್ ಐತಾಳ್ರೆ, ಗುರುವಾರ ತೊಟ್ಲ್ ಇಲ್ಲ್ ಇಪ್ಪುದಿಲ್ಲೆ."

"ಎಂತ ಹೇಳ್ತೆ ನೀನ್?"

"ಮುತ್ತನ ಮೊಮ್ಮಗಳ್ ಚಂದನಾ ಹೆತ್ತಿದ್ಲ್, ಹೆಣ್ ಮಗು. ಗುರುವಾರ ಹೆಸ್ರಿಟ್ಟ್ ತೊಟ್ಲಿಗ್ ಹಾಕುದ್. ಅವ್ರ ಮನೆಲ್ ಮಗು ಹುಟ್ರೆ ತೊಟ್ಲ್ ತಂದ್ ಕೊಡ್ತೆ ಅಂದೇಳಿ ಮುತ್ತನ ಹೆಂಡ್ತಿಗ್ ಮಾತ್ ಕೊಟ್ಟಿದೆ. ಅವ್ಳ್ ತೀರ್ಕಂಡ್ಲ್. ಆರೆ ಮಾತ್ ಇತ್ತಲೆ?"

ಐತಾಳರು ದಪ್ಪ ಪುಸ್ತಕ ತೆಗೆದು ಕೆಂಪು ಶಾಯಿ ತೋರಿಸಿದರು. "ಶಾಶ್ವತ ದಾನ. ಕಾಣ್. ಶಾಶ್ವತ ಅಂದ್ರೆ ಎಂತ ಗೊತ್ತಿತ್ತಾ?"

"ಅದ್ ನೀವ್ ಬರ್ದದ್ದ್. ನಾನ್ ಹೇಳದ್ದ್ ಬೇರೆ."

ಒಂದು ದಿನ ಮುಂದೆ ಹಾಕಲಿ ಎಂದರು ಪದ್ಮಾಕ್ಷಿ ಟೀಚರು. ದಿನ ನೋಡಿ ಕೊಟ್ಟಾಗಿದೆ, ಇನ್ನೂರು ಜನಕ್ಕೆ ಹೇಳಿಯೂ ಆಗಿದೆ ಎಂದಳು ಸೀತಕ್ಕ. ಬೇರೆ ತೊಟ್ಟಿಲು ಬಾಡಿಗೆಗೆ ತರಲಿ ಎಂದರು ಡಾಕ್ಟರು. ಅವಳು ಡಾಕ್ಟರನ್ನು ನೋಡಿದ ನೋಟಕ್ಕೆ ಅವರು ಚಾ ಬಿಟ್ಟೇ ಎದ್ದು ಹೋಗುವವರಿದ್ದರು. ಕೊನೆಗೆ ಮತಕ್ಕೆ ಹಾಕಿದರು. ತೊಟ್ಟಿಲು ಅಲುಗಿಸಕೂಡದು ಎನ್ನುವುದಕ್ಕೆ ನಾಲ್ಕು ಕೈ ಎದ್ದವು. ನಾಲ್ಕನೆಯ ಕೈ ನನ್ನದು. ಹನ್ನೊಂದು ವರ್ಷದ ಕೆಲಸ ಐಸಿನಲ್ಲಿ ಕರಗುತ್ತದಲ್ಲ ಎಂಬ ಹೆದರಿಕೆ ನನಗೆ. ಆದರೂ ಆ ಕೈ ಎತ್ತಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಸೀತಕ್ಕ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಹೋದಳು.

ಕಸ ಗುಡಿಸುವವಳೂ ಅವಳೇ, ಹಾಗಾಗಿ ಒಂದು ಕೀಲಿ ಕೈ ಅವಳ ಹತ್ತಿರವೂ ಇತ್ತು. ಇದನ್ನು ನಾವು ನಾಲ್ವರು ಬುದ್ಧಿವಂತರೂ ಮರೆತಿದ್ದೆವು.

ಗುರುವಾರ ಹತ್ತೂವರೆಗೆ ಬಾಗಿಲು ತೆಗೆದಾಗ ತೊಟ್ಟಿಲು ತೂಗುಹಾಕಿದ್ದ ಕೊಕ್ಕೆ ಮಾತ್ರ ಉಳಿದಿತ್ತು. ಅದರ ಕೆಳಗೆ 'ದಯವಿಟ್ಟು ತೂಗಬೇಡಿ' ಎಂಬ ಫಲಕ. ಅಡುಗೆಯ ದೊಡ್ಡ ಉರುಳಿ ಇರಲಿಲ್ಲ. ಕಾಲುದೀಪ ಎರಡೂ ಇರಲಿಲ್ಲ. ಹಿತ್ತಾಳೆಯ ಕೊಡಪಾನ, ಊಟದ ಮಣೆ, ಒನಕೆ ಎಲ್ಲವೂ ಹೋಗಿದ್ದವು. ಬೆಳಿಗ್ಗೆ ಆರಕ್ಕೇ ರತೀಶನ ಗೂಡ್ಸ್ ರಿಕ್ಷಾ ಎರಡು ಸಲ ಬಂದು ಹೋಯಿತು ಎಂದು ಎದುರಿನ ಅಂಗಡಿಯವರು ಸಂತೋಷದಿಂದ ತಿಳಿಸಿದರು. ಐತಾಳರು ಗೋಡೆಗೆ ಒರಗಿ ನೀರು ಕೇಳಿದರು. ನೀರು ಕೊಡಲು ಹೂಜಿಯೂ ಇರಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಅಧಿಕಾರಿ ಬಂದರು. ನಿಖಿತಾ ಎಂದು ಹೆಸರು, ಮೂವತ್ತರ ಒಳಗಿನ ಹುಡುಗಿ, ಕೈಯಲ್ಲಿ ಫೈಲು, ಅಳತೆಯ ಟೇಪು. ಖಾಲಿ ಕೊಕ್ಕೆ ನೋಡಿದರು, ಫಲಕ ಓದಿದರು, ನಮ್ಮನ್ನು ನೋಡಿದರು.

"ತೊಟ್ಟಿಲು ಎಲ್ಲಿ?"

"ಪಾಲಿಶಿಗೆ ಕೊಟ್ಟಿದೆ ಮೇಡಂ" ಎಂದರು ಐತಾಳರು. ಜೀವಮಾನದಲ್ಲಿ ರಸೀದಿ ಇಲ್ಲದ ಮಾತು ಆಡದಿದ್ದ ಮನುಷ್ಯ! ಅವರ ಕಿವಿಯೆಲ್ಲ ಕೆಂಪಾಗಿತ್ತು.

ಅಷ್ಟರಲ್ಲಿ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಬಾಳೆಲೆಯಲ್ಲಿ ಸಿಹಿ ಹಾಲುಬಾಯಿ ಹಿಡಿದು ಸೀತಕ್ಕ ಒಳಗೆ ಬಂದಳು. "ಪಾಲಿಶ್ ಎಂತದ್ದೂ ಇಲ್ಲೆ ಅಮ್ಮ. ಅವ್ರ್ ಹೆದ್ರಿ ಹೇಳುದ್. ಹಾಳಾದ್ ಮೀನ್ ಒಳ್ಳೆದ್ ಅಂದೇಳಿ ನಾನ್ ಒಂದ್ ದಿನವೂ ಮಾರ್ಲಿಲ್ಲೆ, ನಿಮ್ಗೆ ಸುಳ್ಳ್ ಹೇಳುದಾ? ತೊಟ್ಲ್ ತಕಂಡ್ ಹೋದದ್ದ್ ನಾನೇ. ಬನ್ನಿ, ತೋರಿಸ್ತೆ. ಮೊದ್ಲ್ ಇದ್ ತಿನ್ನಿ."

ಅಧಿಕಾರಿ ಹಾಲುಬಾಯಿ ತಿಂದು ಅವಳ ಹಿಂದೆ ಹೊರಟೇಬಿಟ್ಟರು. ನಾವು ನಾಲ್ವರು ಮದುವೆಗೆ ಕರೆಯದೆ ಬಂದವರ ಹಾಗೆ ಅವರ ಹಿಂದೆ.

ಮುತ್ತನ ಅಂಗಳದ ಚಪ್ಪರದಲ್ಲಿ ನಮ್ಮ ಸಂಗ್ರಹಾಲಯ ಪೂರ್ತಿ ಹರಡಿತ್ತು. ಉರುಳಿಯಲ್ಲಿ ಹಾಲುಬಾಯಿ ಮಗುಚುತ್ತಿದ್ದರು. ಕಾಲುದೀಪ ಉರಿಯುತ್ತಿತ್ತು. ನಾವು ಹೂಜಿಯೆಂದು ನಂಬರು ಅಂಟಿಸಿದ್ದರಲ್ಲಿ ಮಜ್ಜಿಗೆ ಇತ್ತು, ನಂಬರು ಹಾಗೇ ಇತ್ತು. ಅಧಿಕಾರಿ ಪಟ್ಟಿ ತೆಗೆದು ಒಂದೊಂದಕ್ಕೇ ಗುರುತು ಹಾಕುತ್ತ ನಡೆದರು. ಒಳಗೆ ತೊಟ್ಟಿಲಲ್ಲಿ ಮಗು ಮಲಗಿತ್ತು.

ತಳದ ಹಲಗೆಯ ಹೆಸರು, ಇಸವಿ ನೋಡದೆ ಅಧಿಕಾರಿ ಬರೆಯುವ ಹಾಗಿಲ್ಲ. ಅದಿರುವುದು ಹಾಸಿಗೆಯ ಅಡಿಯಲ್ಲಿ.

"ಒಂದ್ ನಿಮಿಷ ಎತ್ತಬಹುದಾ?" ಎಂದರು ಅಧಿಕಾರಿ.

"ಆಗ" ಎಂದು ಮುತ್ತ ತಲೆ ಅಡ್ಡ ಆಡಿಸಿದ. "ಮಲ್ಗಿದ್ ಮಗು ಎಬ್ಸುಕಾಗ. ಕೂಕಣಿ."

ಕೂತೆವು. ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಕೂಗಿಯೇ ಮಾತಾಡಿದ ಐತಾಳರು ಮಂಡಳಿಯ ಸಾಧನೆಯನ್ನೆಲ್ಲ ಪಿಸುಮಾತಿನಲ್ಲಿ ಒಪ್ಪಿಸಿದರು. ನಲವತ್ತು ನಿಮಿಷ ಕಳೆಯಿತು. ಅಧಿಕಾರಿಯ ಡ್ರೈವರು ಮುಂದೆ ಉಪ್ಪುಂದಕ್ಕೆ ಹೋಗಲು ತಡವಾಗುತ್ತದೆ ಎಂದು ಕರೆಯಲು ಬಂದವನು ಊಟಕ್ಕೆ ಕೂತ. ಕೊನೆಗೆ ಮಗು ಎದ್ದು ಅತ್ತಿತು. ಚಂದನಾ ಎತ್ತಿಕೊಂಡಳು. ಅಧಿಕಾರಿ ಹಾಸಿಗೆ ಸರಿಸಲು ಕೈ ಹಾಕಿದ್ದೇ ತೊಟ್ಟಿಲು ಅಲುಗಿತು, ಮನೆಯ ಹೆಂಗಸರೆಲ್ಲ ಒಟ್ಟಿಗೆ ಕೂಗಿಕೊಂಡರು.

"ಬರಿ ತೊಟ್ಲ್ ತೂಗುಕಾಗ! ಎಂತಾರೂ ಇಡಿ!"

ಗಾಬರಿಯಲ್ಲಿ ಅಧಿಕಾರಿ ತಮ್ಮ ಫೈಲನ್ನೇ ತೊಟ್ಟಿಲಲ್ಲಿಟ್ಟರು. ಹಾಗೆ ನಮ್ಮ ಹದಿನೇಳು ಅರ್ಜಿಗಳೂ ಸ್ವಲ್ಪ ಹೊತ್ತು ತೊಟ್ಟಿಲಲ್ಲಿ ಮಲಗಿದವು. ಡಾಕ್ಟರ್ ಶ್ರೀಕರ ಫೋಟೋ ತೆಗೆದರು.

ತೊಟ್ಟಿಲೊಂದು ಬಿಟ್ಟು ಉಳಿದದ್ದನ್ನೆಲ್ಲ ಸೀತಕ್ಕ ಮರುದಿನವೇ ತಂದಿಟ್ಟಳು. ತಿಂಗಳ ಮೇಲೆ ವರದಿ ಬಂತು. ವಸ್ತುಗಳು ಅಸಲಿ, ಸುಸ್ಥಿತಿಯಲ್ಲಿವೆ. ಆದರೆ ಪರಿಶೀಲನೆಯ ದಿನ ಹೆಚ್ಚಿನವು ಕಟ್ಟಡದಲ್ಲಿ ಇರಲಿಲ್ಲ. ಆರು ತಿಂಗಳ ನಂತರ ಇನ್ನೊಮ್ಮೆ ನೋಡಲಾಗುವುದು. ಅಧಿಕಾರಿ ಸುಳ್ಳು ಬರೆಯಲಿಲ್ಲ, ತಪ್ಪೇನಿದೆ? ಮುಂಬೈಯವರು ಅಲ್ಲಿಯವರೆಗೆ ಕಾಯಲು ಗೊಣಗುತ್ತ ಒಪ್ಪಿದರು. ಐತಾಳರ ಸಿಟ್ಟು ಮಾತ್ರ ಇಳಿಯಲಿಲ್ಲ. ಸೀತಕ್ಕನ ರಾಜೀನಾಮೆ ಪತ್ರವನ್ನು ತಾವೇ ಬರೆದರು, ಮೂರು ಜೆರಾಕ್ಸ್ ಮಾಡಿಸಿದರು.

ಅವಳು ಓದಿ ನೋಡಿ ಪೆನ್ನು ಕೇಳಿದಳು. "ಹಾಕ್ತೆ. ಆರೆ ಅದ್ಕ್ ಮೊದ್ಲ್ ಎಲ್ಲಾರ್ ಸಾಮಾನೂ ಅವ್ರವ್ರ ಮನಿಗ್ ಮುಟ್ಸ್ಕ್. ನಾನಿಲ್ದ್ ಮೇಲೆ ನನ್ನ್ ಮಾತ್ ನಡ್ಸುಕ್ ಇಲ್ಲ್ ಯಾರಿದ್ರ್?"

ಐತಾಳರು ಸುತ್ತ ನೋಡಿದರು. ಅವಳು ತಂದದ್ದೆಲ್ಲ ಹೋದರೆ ಉಳಿಯುವುದು ಕೀಲಿ ಕೈ ಇಲ್ಲದ ಆ ಒಂದು ಬೀಗ. ಪತ್ರ ಮಡಿಸಿ ಜೇಬಿಗೆ ಹಾಕಿಕೊಂಡರು.

ಅಷ್ಟರಲ್ಲಿ ನಾವು ಎಣಿಸದ್ದು ಶುರುವಾಯಿತು. ಹೆಸರಿಡುವ ಊಟಕ್ಕೆ ಬಂದಿದ್ದ ಇನ್ನೂರು ಜನ ಸುಮ್ಮನೆ ಉಂಡು ಹೋಗಿರಲಿಲ್ಲ. ಹಂಗಾರಕಟ್ಟೆಯ ಸಂಗ್ರಹಾಲಯದಲ್ಲಿ ಕೊಟ್ಟ ಸಾಮಾನು ಕೇಳಿದ ದಿನ ವಾಪಸು ಬರುತ್ತದೆ, ಅಧಿಕಾರಿ ಬಂದು ನಿಂತರೂ ಬರುತ್ತದೆ ಎಂಬ ಸುದ್ದಿ ದೂರದ ಯಡ್ತರೆಯವರೆಗೂ ಹೋಯಿತು. ವರ್ಷಗಟ್ಟಲೆ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದವರು ತಾವಾಗಿ ಬಂದರು. ಹಳೆ ನಕ್ಷೆ, ಗಾಜಿನ ಚಿತ್ರ, ಸೊಸೆ ತವರಿನಿಂದ ತಂದ ಕಂಚಿನ ಕನ್ನಡಿ. ಬಂದವರು ಕೇಳುತ್ತಿದ್ದುದು ಒಂದೇ: "ಸೀತು ಇದ್ಲಾ?" ಐತಾಳರು ಕೆಂಪು ಶಾಯಿ ಬಿಟ್ಟು ನೀಲಿಯಲ್ಲಿ 'ಸೀತುವಿನ ಮಾತಿನ ಮೇಲೆ' ಎಂದು ಬರೆಯತೊಡಗಿದರು. ಡಿಸೆಂಬರಿನಲ್ಲಿ ಅಧಿಕಾರಿ ಮತ್ತೆ ಬಂದಾಗ ಕಾಲಿಡಲು ಜಾಗವಿರಲಿಲ್ಲ. ತೊಟ್ಟಿಲು ಆಗಲೂ ಮುತ್ತನ ಮನೆಯಲ್ಲೇ. ಪದ್ಮಾಕ್ಷಿ ಟೀಚರು ಹೊಸ ಫಲಕ ಬರೆದಿದ್ದರು: 'ತೊಟ್ಟಿಲು ಹೊರಗಿದೆ. ಒಳಗೆ ಮಗು ಇದೆ.' ಮಾನ್ಯತೆ ಸಿಕ್ಕಿತು.

ಮರುದಿನ ಬೆಳಿಗ್ಗೆ ನಾನು ಹೋದಾಗ ಐತಾಳರು ಬಾಗಿಲ ಹೊರಗೆ ನಿಂತಿದ್ದರು. ಕಂಕುಳಲ್ಲಿ ಪಂಚೆಯಲ್ಲಿ ಸುತ್ತಿದ ಏನೋ ಒಂದು. ಸೀತಕ್ಕ ಗುಡಿಸುತ್ತಿದ್ದಳು.

ಬಿಚ್ಚಿದರು. ಚೆನ್ನೆಮಣೆ, ಆಷಾಢದ ಮಳೆಯಲ್ಲಿ ಹೆಂಗಸರು ಬೀಜ ಹಾಕಿ ಆಡುವುದು. ಹಲಸಿನ ಮರದ್ದು, ಕುಳಿಗಳು ಬೆರಳು ತಾಗಿ ತಾಗಿ ನುಣುಪಾಗಿದ್ದವು. ಅವರ ತಾಯಿಯದಂತೆ. ಹನ್ನೊಂದು ವರ್ಷ ಊರವರ ಅಟ್ಟವನ್ನೆಲ್ಲ ಹುಡುಕಿಸಿದ ಅಧ್ಯಕ್ಷರು ತಮ್ಮ ಮನೆಯಿಂದ ಒಂದು ಚಮಚವನ್ನೂ ಕೊಟ್ಟಿರಲಿಲ್ಲ ಎನ್ನುವುದು ನನಗೆ ಆಗಲೇ ಹೊಳೆದದ್ದು.

ನಾನು ದಪ್ಪ ಪುಸ್ತಕ ತೆಗೆದೆ. ಅವರು ಕೈ ಅಡ್ಡ ಹಿಡಿದರು.

"ಪುಸ್ತಕ ಬ್ಯಾಡ ಸುಧೀರ, ರಸೀದಿಯೂ ಬ್ಯಾಡ" ಎಂದು ಅವಳ ಕಡೆ ತಿರುಗಿದರು. "ಸೀತು, ಆಸಾಡಿಲ್ ನಮ್ಮ್ ಮನೆಯವ್ಳಿಗ್ ಆಡುಕ್ ಬೇಕ್ ಇದ್. ನೀ ವಾಪಸ್ ಕೊಡ್ತೆ ಅಲ್ದಾ? ನೀ ಒಂದ್ ಮಾತ್ ಹೇಳ್."

ಸೀತಕ್ಕ ಹಿಡಿಸೂಡಿ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ಎರಡೂ ಕೈಯಲ್ಲಿ ಮಣೆ ತೆಗೆದುಕೊಂಡಳು.

"ಕೊಡ್ತೆ ಐತಾಳ್ರೆ. ನಾನೇ ತಂದ್ ಕೊಡ್ತೆ."